ಡ್ರಿಲ್ ಸದ್ದಿಗೇ ಎದೆ ಡವಡವ ಅನ್ನುತ್ತಾ?

ಲವಂಗ ಕಚ್ಚಿಕೊಂಡು, ಪೇನ್‌ಕಿಲ್ಲರ್ ನುಂಗಿ ತಿಂಗಳುಗಟ್ಟಲೆ ದಿನ ದೂಡುವವರು ನಮ್ಮಲ್ಲಿ ಕಡಿಮೆಯಿಲ್ಲ. ಹಲ್ಲುನೋವಿಗಿಂತ ಡೆಂಟಿಸ್ಟ್ ಕುರ್ಚಿಯ ಭಯವೇ ದೊಡ್ಡದು. ಅಂಥವರಿಗೆ ಐವಿ ಸೆಡೇಶನ್ ಎಂಬ ದಾರಿಯಿದೆ.

ಕೈಯ ರಕ್ತನಾಳಕ್ಕೆ ಸೂಜಿ ಹಾಕಿ, ಸಾಮಾನ್ಯವಾಗಿ ಮಿಡಜೋಲಾಮ್ ಎಂಬ ಔಷಧಿಯನ್ನು ಸ್ವಲ್ಪ ಸ್ವಲ್ಪವೇ ಕೊಡುತ್ತಾರೆ. ಕೆಲವೇ ನಿಮಿಷದಲ್ಲಿ ಮೈಮನಸ್ಸು ಸಡಿಲ. ಪ್ರಜ್ಞೆ ಪೂರ್ತಿ ತಪ್ಪುವುದಿಲ್ಲ. 'ಬಾಯಿ ತೆರೀರಿ' ಅಂದ್ರೆ ತೆರೀತೀರಿ, ಆದ್ರೆ ಆಮೇಲೆ ಹೆಚ್ಚೇನೂ ನೆನಪಿರಲ್ಲ. ನೋವು ತಡೆಯೋದು ಇದರ ಕೆಲಸವಲ್ಲ. ಒಸಡು ಮರಗಟ್ಟಿಸುವ ಇಂಜೆಕ್ಷನ್ ಬೇಕೇ ಬೇಕು. ಅದನ್ನು ಚುಚ್ಚುವಾಗ ನಿಮಗೆ ಅಷ್ಟು ಹೆದರಿಕೆ ಇರಲ್ಲ, ಅಷ್ಟೇ.

ಅಪಾಯ ಇರೋದು ಉಸಿರಾಟದಲ್ಲಿ. ಡೋಸ್ ಹೆಚ್ಚಾದರೆ ಉಸಿರು ನಿಧಾನವಾಗುತ್ತದೆ. ಅದಕ್ಕೇ ಬೆರಳಿಗೆ ಆಕ್ಸಿಮೀಟರ್, ಪಕ್ಕದಲ್ಲಿ ಆಕ್ಸಿಜನ್, ಮಿಡಜೋಲಾಮ್ ಪರಿಣಾಮ ಇಳಿಸುವ ಫ್ಲುಮಜೆನಿಲ್ ಇರಲೇಬೇಕು. 'ಮಾನಿಟರ್ ಯಾರು ನೋಡ್ತಾರೆ?' ಅಂತ ಮೊದಲೇ ಕೇಳಿ, ಸಂಕೋಚ ಬೇಡ. ಹಲ್ಲು ಕೀಳುವ ಡಾಕ್ಟರೊಬ್ಬರೇ ಎಲ್ಲ ನೋಡ್ಕೋತೀನಿ ಅಂದ್ರೆ ನಾನಂತೂ ಎದ್ದು ಬರ್ತೀನಿ. ಸ್ಲೀಪ್ ಅಪ್ನಿಯಾ, ನಿದ್ರೆ ಮಾತ್ರೆ, ಕುಡಿತ, ಬಸಿರು, ಯಾವುದನ್ನೂ ಮುಚ್ಚಿಡಬೇಡಿ.

ಮನೆಗೆ ಕರೆದೊಯ್ಯಲು ಒಬ್ಬರು ಜೊತೆಗಿರಬೇಕು. 24 ಗಂಟೆ ಸ್ಕೂಟರ್ ಮುಟ್ಟುವಂತಿಲ್ಲ, ಮುಖ್ಯ ಕಾಗದಕ್ಕೆ ಸಹಿ ಹಾಕುವಂತಿಲ್ಲ. ಆಫೀಸಿಗೆ ರಜೆ ಮೊದಲೇ ಹೇಳಿಬಿಡಿ.