ದೈಹಿಕ ಚಟುವಟಿಕೆಯ ವೈಯಕ್ತಿಕ ಅಡೆತಡೆಗಳು

ನಿಯಮಿತ ವ್ಯಾಯಾಮಕ್ಕೆ ತೊಡಕಾಗುವ, ವ್ಯಕ್ತಿಯ ದಿನಚರಿ, ಮನೋಭಾವ ಅಥವಾ ಆರೋಗ್ಯಕ್ಕೆ ಸಂಬಂಧಿಸಿದ ಕಾರಣಗಳನ್ನು ದೈಹಿಕ ಚಟುವಟಿಕೆಯ ವೈಯಕ್ತಿಕ ಅಡೆತಡೆಗಳು ಎನ್ನುತ್ತಾರೆ. ಸಮಯದ ಅಭಾವ, ಆಯಾಸ, ಗಾಯದ ಭಯ ಹಾಗೂ ಆತ್ಮವಿಶ್ವಾಸದ ಕೊರತೆ ಇವುಗಳಲ್ಲಿ ಮುಖ್ಯವಾದವು.

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ತೀವ್ರತೆಯ ಚಟುವಟಿಕೆಯನ್ನು ಶಿಫಾರಸು ಮಾಡುತ್ತದೆ. ಮಾತನಾಡಲು ಸಾಧ್ಯವಾದರೂ ಹಾಡಲು ಕಷ್ಟವಾಗುವಷ್ಟು ಬಿರುಸಿನ ನಡಿಗೆ ಇದಕ್ಕೆ ಉದಾಹರಣೆ. ಇಂತಹ ಚಟುವಟಿಕೆಯು ಒಮ್ಮೆಗೆ ಕನಿಷ್ಠ 10 ನಿಮಿಷವಾದರೂ ನಡೆಯಬೇಕೆಂದು 2010ರ ಶಿಫಾರಸು ಹೇಳುತ್ತಿತ್ತು. 2020ರ ಮಾರ್ಗಸೂಚಿಯಲ್ಲಿ ಈ ಮಿತಿಯನ್ನು ಕೈಬಿಡಲಾಯಿತು. ಆದ್ದರಿಂದ ಮೆಟ್ಟಿಲು ಹತ್ತುವುದು, ಬಸ್ ನಿಲ್ದಾಣಕ್ಕೆ ಬಿರುಸಾಗಿ ನಡೆಯುವುದು ಮೊದಲಾದ ಕೆಲವೇ ನಿಮಿಷಗಳ ಶ್ರಮವೂ ಲೆಕ್ಕಕ್ಕೆ ಬರುತ್ತದೆ. ವ್ಯಾಯಾಮಕ್ಕೆಂದೇ ಸಮಯ ಮೀಸಲಿಡಲಾಗದವರಿಗೆ ಇದು ಅನುಕೂಲಕರವಾಗಿದೆ.

ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಒಂದು ಕಾರ್ಯವನ್ನು ಮಾಡಬಲ್ಲೆನೆಂಬ ನಂಬಿಕೆಯು ಪ್ರಮುಖವಾಗಿ ಸ್ವಂತ ಯಶಸ್ಸಿನ ಅನುಭವದಿಂದ ಬೆಳೆಯುತ್ತದೆ. ಹಾಗಾಗಿ ಮೊದಲ ಗುರಿಯು ಸುಲಭವಾಗಿ ತಲುಪುವಂತಿದ್ದರೆ ಅಭ್ಯಾಸವನ್ನು ಮುಂದುವರಿಸುವ ಧೈರ್ಯ ಬರುತ್ತದೆ. ಗಾಯದ ಭಯವಿರುವವರು ನಿಧಾನ ನಡಿಗೆಯಿಂದ ಆರಂಭಿಸಿ, ಅವಧಿ ಮತ್ತು ವೇಗವನ್ನು ಕ್ರಮೇಣ ಹೆಚ್ಚಿಸಬಹುದು. ಹೃದ್ರೋಗ ಮುಂತಾದ ಕಾಯಿಲೆಗಳಿರುವವರು ವೈದ್ಯರ ಸಲಹೆ ಪಡೆದು ಆರಂಭಿಸುವುದು ಸೂಕ್ತ.