ತೊಂಬತ್ತಾರು ಬಂತಲ್ಲ, ಇನ್ನೇನು?

"ಬೆರಳಿಗೆ ಸಿಕ್ಕಿಸಿ ನೋಡಿದ್ವಿ, ತೊಂಬತ್ತಾರು ಇದೆ. ಅಮ್ಮಂಗೆ ಏನೂ ಇಲ್ಲ ಬಿಡಿ." ಕೊರೋನಾ ಬಂದ 2020ರಿಂದೀಚೆ ಶಿಕಾಗೊ, ಡೆಟ್ರಾಯ್ಟ್ ಸುತ್ತಿನ ಕನ್ನಡ ಮನೆಗಳಲ್ಲಿ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಆಕ್ಸಿಮೀಟರ್ ಒಳ್ಳೆಯ ಸಾಧನವೇ, ತಕರಾರಿಲ್ಲ. ಅದರ ಮೂಲತತ್ತ್ವ ಕಂಡುಹಿಡಿದ ಜಪಾನಿನ ತಕುಓ ಅವೊಯಾಗಿ 2020ರ ಏಪ್ರಿಲ್‌ನಲ್ಲೇ ತೀರಿಕೊಂಡರು. ಅವರ ಯಂತ್ರಕ್ಕೆ ನಾವು ಅರಿಶಿನ ಕುಂಕುಮ ಹಚ್ಚಿ ಪೂಜೆಗೆ ಕೂತದ್ದನ್ನು ಅವರು ನೋಡಲಿಲ್ಲ.

ಆ ಅಂಕಿ ಹೇಳುವುದು ಒಂದೇ ಸಂಗತಿ: ರಕ್ತದ ಹಿಮೋಗ್ಲೋಬಿನ್ನಿನಲ್ಲಿ ಎಷ್ಟು ಪಾಲು ಆಮ್ಲಜನಕ ಹೊತ್ತಿದೆ ಎಂಬ ಅಂದಾಜು. ಅಷ್ಟನ್ನು ಉಳಿಸಿಕೊಳ್ಳಲು ಎದೆ ಎಷ್ಟು ಹೆಣಗುತ್ತಿದೆ ಎಂಬುದು ಅದಕ್ಕೆ ತಿಳಿಯದು. ಅಸ್ತಮಾ ಕೆರಳಿದಾಗ ಬಹಳ ಹೊತ್ತು ಅಂಕಿ ಚೆನ್ನಾಗಿಯೇ ಇರಬಹುದು. ಇಳಿಯುವ ಹೊತ್ತಿಗೆ ಕೈಮೀರಿರುತ್ತದೆ. ಊರಿಂದ ಬಂದು, ವಿಮಾನಗಳು ನಿಂತು, ಮಗನ ಮನೆಯಲ್ಲೇ ಉಳಿದುಬಿಟ್ಟ ಅಮ್ಮ ಮಂಚದ ಅಂಚಿಗೆ ಕೂತು, ಎರಡೂ ಕೈ ಮೊಣಕಾಲಿಗೆ ಊರಿ, "ಕಾಫಿ... ಬೇಡ... ಕಣೋ" ಎನ್ನಲು ಪದಕ್ಕೊಂದು ಸಲ ಉಸಿರೆಳೆಯುತ್ತಿದ್ದಾರೆ. ಕತ್ತಿನ ಸ್ನಾಯುಗಳು ಬಿಗಿದು ನಿಂತಿವೆ. ಮಗ ಮಾತ್ರ ಬೆರಳನ್ನೇ ನೋಡುತ್ತಿದ್ದಾನೆ!

ಹೋಗಲಿ, ಆ ಅಂಕಿಯಾದರೂ ನಿಜವೇ? ಡೆಟ್ರಾಯ್ಟ್ ಪಕ್ಕದ ಆನ್ ಆರ್ಬರ್‌ನಲ್ಲಿ, ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಇದನ್ನೇ ಪರೀಕ್ಷಿಸಿ 2020ರ ಡಿಸೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದರು. ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗಲೇ ಅಪಧಮನಿಯ ರಕ್ತ ತೆಗೆದು ನೋಡಿದರೆ, ಕಪ್ಪು ಜನಾಂಗದ ರೋಗಿಗಳಲ್ಲಿ ನೂರಕ್ಕೆ 11.7 ಸಲ ನಿಜವಾದ ಮಟ್ಟ 88ಕ್ಕಿಂತ ಕೆಳಗಿತ್ತು. ಬಿಳಿಯರಲ್ಲಿ ಅದು 3.6. ಆಕ್ಸಿಮೀಟರಿನ ಬೆಳಕು ಹಾದುಬರಬೇಕಾದದ್ದು ಚರ್ಮದ ಮೂಲಕ, ಚರ್ಮದ ಬಣ್ಣ ಲೆಕ್ಕ ಕೆಡಿಸುತ್ತದೆ. ನಮ್ಮಲ್ಲಿ ಎಣ್ಣೆಗಪ್ಪಿನವರೇನು ಕಮ್ಮಿಯೇ? 2021ರ ಫೆಬ್ರವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಎಚ್ಚರಿಸಿತು: 90 ತೋರಿಸಿದರೆ ನಿಜವಾದದ್ದು 86ರಿಂದ 94ರೊಳಗೆ ಎಲ್ಲಿಯಾದರೂ ಇರಬಹುದು. ಇದರ ಮೇಲೆ ಉಗುರುಬಣ್ಣ, ಜನವರಿಯ ಚಳಿಯಲ್ಲಿ ಮರಗಟ್ಟಿದ ಬೆರಳು.

ಸಿಒಪಿಡಿ, ಅಂದರೆ ಶ್ವಾಸನಾಳ ಕಟ್ಟುವ ದೀರ್ಘಕಾಲದ ಕಾಯಿಲೆ, ಇರುವವರ ಲೆಕ್ಕವೇ ಬೇರೆ. ಅವರಲ್ಲಿ ಕೆಲವರಿಗೆ ವೈದ್ಯರು ಇಟ್ಟುಕೊಳ್ಳುವ ಗುರಿಯೇ 88ರಿಂದ 92. ಅಂಥವರಿಗೆ ಆಮ್ಲಜನಕ ವಿಪರೀತ ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಬಹುದು. ಆರಾಮಾಗಿದ್ದ ದಿನ ಎಷ್ಟಿತ್ತು ಎಂದು ಬರೆದಿಟ್ಟುಕೊಳ್ಳದೆ ಇವತ್ತಿನ 91 ಹಿಡಿದು ಗಾಬರಿಯಾಗುವುದೂ ದಂಡ, ನೆಮ್ಮದಿಯಾಗುವುದೂ ದಂಡ. "ಅಮ್ಮ ಬೀಡಿ ಸೇದಿದವರಲ್ಲ, ಸಿಒಪಿಡಿ ಎಲ್ಲಿಂದ?" ಎನ್ನುವವರು ಅಮ್ಮ ಹೊಗೆ ಕುಡಿಯುತ್ತಾ ಊದಿದ ಸೌದೆ ಒಲೆಯನ್ನು ಮರೆತಿದ್ದಾರೆ.

ಉಳಿದ ತಪ್ಪು ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಸ್ಟೆರಾಯ್ಡ್ ಇನ್ಹೇಲರ್‌ನಿಂದ ರೋಗನಿರೋಧಕ ಶಕ್ತಿ ಕುಂದುತ್ತದೆಂದು ಅದನ್ನು ತಾವಾಗಿಯೇ ನಿಲ್ಲಿಸಿದವರು ಕೊರೋನಾ ಬರುವ ಮೊದಲೇ ಅಸ್ತಮಾವನ್ನು ಕೆರಳಿಸಿಕೊಳ್ಳುತ್ತಾರೆ. ಹಬೆ ವೈರಸ್ ಕೊಲ್ಲುವುದಿಲ್ಲ, ಪಾತ್ರೆ ಮಗುಚಿದರೆ ತೊಡೆ ಸುಡುತ್ತದೆ. ಹತ್ತು ಸೆಕೆಂಡ್ ಉಸಿರು ಹಿಡಿದರೆ ಕೊರೋನಾ ಇಲ್ಲವೆಂಬ, ಸ್ಟ್ಯಾನ್‌ಫರ್ಡ್ ಹೆಸರು ಹೊತ್ತ ಫಾರ್ವರ್ಡ್ ಶುದ್ಧ ಸುಳ್ಳು. ಮಾಸ್ಕ್ ಕಿರಿಕಿರಿ ಮಾಡಬಹುದು, ಆದರೆ ಆಮ್ಲಜನಕವನ್ನು ತಡೆಯುವುದಿಲ್ಲ.

ನನಗೆ ಬೆರಗಾಗುವುದು ಇದನ್ನೆಲ್ಲ ನಂಬುವವರನ್ನು ಕಂಡು. ಡೆಟ್ರಾಯ್ಟ್‌ನ ಕಾರು ಕಂಪನಿಗಳಲ್ಲಿ ಒಂದು ಸೆನ್ಸರ್‌ಗೆ ಟಾಲರೆನ್ಸ್ ಎಷ್ಟು ಎಂದು ಕೇಳದೆ ಸಹಿ ಹಾಕದ ಎಂಜಿನಿಯರುಗಳು, ಆನ್‌ಲೈನಿನಲ್ಲಿ ತರಿಸಿದ ಅಗ್ಗದ ಆಕ್ಸಿಮೀಟರ್‌ಗೆ ಆ ಪ್ರಶ್ನೆ ಕೇಳುವುದಿಲ್ಲ. ಲಸಿಕೆ ಇಷ್ಟು ಬೇಗ ಹೇಗೆ ಬಂತು, ಪ್ರಯೋಗದ ವರದಿ ಎಲ್ಲಿ ಎಂದು ದಬಾಯಿಸಿದವರು ಕಷಾಯದ ಫಾರ್ವರ್ಡ್‌ಗೆ ಯಾವ ವರದಿಯನ್ನೂ ಕೇಳಲಿಲ್ಲ.

2023ರ ಜೂನ್ ಕೊನೆಯಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ಇಳಿದು, ಶಿಕಾಗೊ ಮತ್ತು ಡೆಟ್ರಾಯ್ಟ್‌ನ ಗಾಳಿ ಜಗತ್ತಿನ ದೊಡ್ಡ ನಗರಗಳಲ್ಲೇ ಅತಿ ಕೆಟ್ಟದ್ದೆನಿಸಿತು. ಅಷ್ಟರಲ್ಲಿ ಎಲ್ಲರೂ ಎನ್95 ಮಾಸ್ಕ್ ಎಸೆದಾಗಿತ್ತು. ಅಸ್ತಮಾದವನು ನಾನು, ಡಬ್ಬಿ ಎತ್ತಿಟ್ಟಿದ್ದೆ. ಕೇಳಿಕೊಂಡು ಮೊದಲು ಬಾಗಿಲಿಗೆ ಬಂದವರು, ಮಾಸ್ಕ್ ಹಾಕಿದರೆ ಆಮ್ಲಜನಕ ಸಿಗೋದಿಲ್ಲ ಎಂದು ವರ್ಷಗಟ್ಟಲೆ ನನ್ನೊಂದಿಗೆ ವಾದ ಮಾಡಿದವರೇ. ಕೊಟ್ಟು ಕಳಿಸಿದೆ, ಮೂಗಿನ ಕ್ಲಿಪ್ ಒತ್ತಿಕೊಳ್ಳೋದನ್ನೂ ಹೇಳಿಕೊಟ್ಟೆ.