ಪಕ್ಷದ ಮಾತಿನ ಪರಾಮರ್ಶೆ

ಚುನಾವಣೆಯ ದಿನಗಳಲ್ಲಿ ಸಂತೆಯ ಬೀದಿಯಲ್ಲೋ ಬಸ್ ನಿಲ್ದಾಣದಲ್ಲೋ ಕೈಗೆ ಬಂದು ಸೇರುವ ಕರಪತ್ರದಲ್ಲಿ ಅಭ್ಯರ್ಥಿಯ ಭಾವಚಿತ್ರವನ್ನೂ ಆಶ್ವಾಸನೆಗಳ ಪಟ್ಟಿಯನ್ನೂ ನೋಡಿ ಮಡಿಸಿಡುವ ನಾವು, ಅದರ ಅಡಿಯಂಚಿನಲ್ಲಿ ಸೂಕ್ಷ್ಮಾಕ್ಷರಗಳಲ್ಲಿ ಅಚ್ಚಾಗಿರುವ ಪಂಕ್ತಿಯೊಂದನ್ನು ಸಾಮಾನ್ಯವಾಗಿ ಓದುವುದಿಲ್ಲ. ಮುದ್ರಕನ ಮತ್ತು ಪ್ರಕಾಶಕನ ಹೆಸರು ವಿಳಾಸಗಳನ್ನು ತಿಳಿಸುವ ಆ ಪಂಕ್ತಿಯನ್ನು ಅಲ್ಲಿಗೆ ತಂದದ್ದು ಪ್ರಜಾಪ್ರಾತಿನಿಧ್ಯ ಕಾಯಿದೆಯ 127-ಎ ಪ್ರಕರಣ. ಪ್ರಕಾಶಕನು ತಾನು ಇಂಥವನೆಂಬ ಘೋಷಣೆಗೆ ಸಹಿ ಹಾಕಿ, ತನ್ನನ್ನು ಬಲ್ಲ ಇಬ್ಬರ ದೃಢೀಕರಣದೊಡನೆ ಮುದ್ರಕನಿಗೆ ಒಪ್ಪಿಸಬೇಕು. ಮುದ್ರಕನು ಅದನ್ನೂ ಅಚ್ಚಾದ ಪ್ರತಿಯನ್ನೂ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ರಾಜಧಾನಿಯಲ್ಲಾದರೆ ಮುಖ್ಯ ಚುನಾವಣಾಧಿಕಾರಿಗೆ, ಕಳುಹಿಸಬೇಕು. ತಪ್ಪಿದರೆ ಆರು ತಿಂಗಳ ಕಾರಾಗೃಹವಾಸ, ಅಥವಾ 2,000 ರೂಪಾಯಿ ದಂಡ, ಅಥವಾ ಎರಡೂ. ಕರಪತ್ರದ ಒಕ್ಕಣೆಯನ್ನು ಮೊದಲೇ ಓದಿ ಒಪ್ಪಿಗೆ ಕೊಡುವ ಅಧಿಕಾರಿ ಮಾತ್ರ ಈ ಏರ್ಪಾಡಿನಲ್ಲಿ ಎಲ್ಲಿಯೂ ಇಲ್ಲ. ಬರೆಯುವವನು ತನಗೆ ತೋಚಿದ್ದನ್ನು ಬರೆಯಲಿ, ಆದರೆ ಬರೆದು ಮರೆಯಾಗದಿರಲಿ ಎಂಬುದಷ್ಟೇ ಶಾಸನಕರ್ತರ ಅಪೇಕ್ಷೆ.

ಟೆಲಿವಿಷನ್ನಿನ ವಿಷಯದಲ್ಲಿ ನಮ್ಮ ವ್ಯವಸ್ಥೆ ಇದಕ್ಕೆ ವಿಪರೀತವಾದ ದಾರಿಯನ್ನು ಹಿಡಿಯಿತು. ರಾಜಕೀಯ ಸ್ವರೂಪದ ಜಾಹೀರಾತನ್ನು ಕೇಬಲ್ ವಾಹಿನಿಗಳಲ್ಲಿ ತೋರಿಸಲೇಕೂಡದೆಂದು 1994ರ ನಿಯಮಗಳು ವಿಧಿಸಿದ್ದವು. ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯವು 2004ರ ಮಾರ್ಚ್ ತಿಂಗಳಿನಲ್ಲಿ ಆ ನಿಷೇಧವನ್ನು ತೆಗೆದುಹಾಕಿದಾಗ ಲೋಕಸಭಾ ಚುನಾವಣೆ ಹೊಸ್ತಿಲಲ್ಲಿತ್ತು. ಪೂರ್ಣ ನಿಷೇಧವೂ ಸಲ್ಲದು, ಪೂರ್ಣ ಸ್ವಾತಂತ್ರ್ಯವೂ ಸದ್ಯಕ್ಕೆ ಅಪಾಯಕರವೆಂಬ ಇಕ್ಕಟ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷ ಏಪ್ರಿಲ್ 13ರಂದು, ಇಂಥ ಜಾಹೀರಾತುಗಳು ಪ್ರಸಾರಕ್ಕೆ ಮೊದಲು ಚುನಾವಣಾ ಆಯೋಗದ ಸಮಿತಿಯ ಪ್ರಮಾಣಪತ್ರವನ್ನು ಪಡೆಯತಕ್ಕದ್ದೆಂದು ಆಜ್ಞಾಪಿಸಿತು. ಮಾಧ್ಯಮ ಪ್ರಮಾಣೀಕರಣ ಮತ್ತು ಕಣ್ಗಾವಲು ಸಮಿತಿ ಎಂಬ ಉದ್ದನೆಯ ಹೆಸರಿನಿಂದ ಜಿಲ್ಲೆ ಜಿಲ್ಲೆಯಲ್ಲಿಯೂ ಇಂದು ಕಾಣುವ ಸಂಸ್ಥೆಯ ಮೂಲ ಈ ಆಜ್ಞೆಯಲ್ಲಿದೆ. ಕಚೇರಿಗಳಲ್ಲಿ ಅಷ್ಟು ಹೇಳುವ ವ್ಯವಧಾನ ಯಾರಿಗೂ ಇಲ್ಲವಾಗಿ ಅದು ಎಂ.ಸಿ.ಎಂ.ಸಿ. ಆಗಿದೆ.

ಜಿಲ್ಲಾ ಚುನಾವಣಾಧಿಕಾರಿ ಈ ಸಮಿತಿಯ ಮುಖ್ಯಸ್ಥರು. ವಾರ್ತಾ ಇಲಾಖೆಯ ಅಧಿಕಾರಿಯೂ ಪತ್ರಿಕಾವ್ಯವಸಾಯದ ಅನುಭವವುಳ್ಳ ಒಬ್ಬ ನಾಗರಿಕರೂ ಅದರಲ್ಲಿರುತ್ತಾರೆ. ಮಾನ್ಯತೆ ಪಡೆದ ಪಕ್ಷವೂ ಕಣದಲ್ಲಿರುವ ಅಭ್ಯರ್ಥಿಯೂ ಪ್ರಸಾರಕ್ಕೆ ಮೂರು ದಿನ ಮುಂಚಿತವಾಗಿ, ಇತರರು ಏಳು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸಬೇಕು. ಜಾಹೀರಾತಿನ ಎರಡು ಪ್ರತಿ, ಅದರಲ್ಲಿ ಆಡಿದ ಮಾತುಗಳ ದೃಢೀಕೃತ ಲಿಖಿತರೂಪ, ತಯಾರಿಕೆಯ ವೆಚ್ಚ, ಎಷ್ಟು ಸಲ ಪ್ರಸಾರವಾಗುವುದೆಂಬ ವಿವರ, ಇವೆಲ್ಲ ಅದರೊಡನೆ ಇರಬೇಕು. ಧರ್ಮಗಳ ಮೇಲಿನ ಆಕ್ರಮಣ, ಹಿಂಸೆಗೆ ಪ್ರಚೋದನೆ, ಮಾನಹಾನಿ, ನ್ಯಾಯಾಂಗದ ನಿಂದೆ, ಸೈನಿಕರ ಚಿತ್ರಗಳ ಬಳಕೆ ಮೊದಲಾದವು ಕಂಡರೆ ಸಮಿತಿ ತಿದ್ದುಪಡಿಯನ್ನು ಕೇಳಬಹುದು, ಅನುಮತಿಯನ್ನು ನಿರಾಕರಿಸಲೂಬಹುದು. ವೆಚ್ಚದ ಪ್ರಶ್ನೆ ಕೇವಲ ಲೆಕ್ಕಪತ್ರದ ಕುತೂಹಲವಲ್ಲ. ದೊಡ್ಡ ರಾಜ್ಯಗಳಲ್ಲಿ ವಿಧಾನಸಭೆಯ ಅಭ್ಯರ್ಥಿ 40 ಲಕ್ಷಕ್ಕೂ ಲೋಕಸಭೆಯ ಅಭ್ಯರ್ಥಿ 95 ಲಕ್ಷಕ್ಕೂ ಮೀರಿ ವ್ಯಯಮಾಡಕೂಡದೆಂಬ ಮಿತಿ 2022ರಿಂದ ಇದೆ. ಪಕ್ಷಕ್ಕಾದರೋ ಯಾವ ಮಿತಿಯೂ ಇಲ್ಲ. ಆದಕಾರಣ ಒಂದು ಜಾಹೀರಾತು ಪಕ್ಷದ್ದೋ ಅಭ್ಯರ್ಥಿಯದೋ ಎಂಬ ನಿರ್ಣಯವೇ ಎಷ್ಟೋ ವೇಳೆ ಅದರ ಒಕ್ಕಣೆಗಿಂತ ಮಹತ್ತ್ವದ್ದಾಗುತ್ತದೆ.

ಪ್ರಕಟವಾದ ಮೇಲಿನ ಪರಾಮರ್ಶೆಯೂ ಇದೇ ಸಮಿತಿಯ ಹೊರೆ. ಪತ್ರಿಕೆಗಳನ್ನೂ ವಾಹಿನಿಗಳನ್ನೂ ನೋಡುತ್ತ ಕುಳಿತು, ವರದಿಯ ವೇಷದಲ್ಲಿ ಬಂದ ಸ್ತುತಿಯನ್ನು ಗುರುತಿಸುವುದು ಅದರ ಕಠಿನತಮವಾದ ಕೆಲಸ. ಒಬ್ಬನೇ ಅಭ್ಯರ್ಥಿಯ ಗುಣಕಥನವು ಒಂದೇ ಭಾವಚಿತ್ರದೊಡನೆ, ಬಹುಮಟ್ಟಿಗೆ ಒಂದೇ ವಾಕ್ಯಸರಣಿಯಲ್ಲಿ, ಪರಸ್ಪರ ಸ್ಪರ್ಧಿಗಳಾದ ಎರಡು ಪತ್ರಿಕೆಗಳಲ್ಲಿ ಏಕಕಾಲಕ್ಕೆ ಕಾಣಿಸಿದರೆ ಸಂಶಯ ಸಹಜವೇ. ಅಂಥದನ್ನು ‘ಕಾಸಿಗಾಗಿ ಸುದ್ದಿ’ ಎಂದು ಶಂಕಿಸಿದಾಗ 96 ಗಂಟೆಗಳೊಳಗೆ ಅಭ್ಯರ್ಥಿಗೆ ನೋಟಿಸು ಹೋಗಬೇಕು, 48 ಗಂಟೆಗಳೊಳಗೆ ಅವನು ಉತ್ತರಿಸಬೇಕು. ಉತ್ತರ ಬಾರದಿದ್ದರೆ ಸಮಿತಿಯ ನಿರ್ಣಯವೇ ಅಂತಿಮವಾಗಿ, ಜಾಹೀರಾತಿನ ದರದಂತೆ ಆ ಮೊತ್ತ ಅವನ ವೆಚ್ಚಕ್ಕೆ ಸೇರುತ್ತದೆ. ಉತ್ತರಪ್ರದೇಶದ ಬಿಸೌಲಿ ಕ್ಷೇತ್ರದಿಂದ 2007ರಲ್ಲಿ ಗೆದ್ದಿದ್ದ ಉಮ್ಲೇಶ್ ಯಾದವ್ ಅವರು ಇಂಥ ಬರಹಗಳ ವೆಚ್ಚವನ್ನು ಲೆಕ್ಕದಲ್ಲಿ ತೋರಿಸಲಿಲ್ಲವೆಂದು ಆಯೋಗವು ಅವರನ್ನು ಮೂರು ವರ್ಷ ಅನರ್ಹಗೊಳಿಸಿತು. ಅದಾದದ್ದು 2011ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಆ ವಿಧಾನಸಭೆಯ ಅವಧಿಯೇ ಕೊನೆಗೊಳ್ಳುತ್ತ ಬಂದಿತ್ತು.

ಪತ್ರಿಕೆಯ ಜಾಹೀರಾತಿಗೆ ಪೂರ್ವಾನುಮತಿ ಬೇಕಾಗುವುದು ಮತದಾನದ ದಿನ ಮತ್ತು ಅದರ ಹಿಂದಿನ ದಿನ ಮಾತ್ರ. ಕರ್ನಾಟಕದಲ್ಲಿ 2023ರ ಮೇ 10ರಂದು ಮತದಾನ ನಡೆಯಲಿದ್ದಾಗ, ಆಳುತ್ತಿದ್ದ ಪಕ್ಷದ ಭ್ರಷ್ಟಾಚಾರಕ್ಕೆ ದರಪಟ್ಟಿಯನ್ನು ಕಟ್ಟಿದ ಕಾಂಗ್ರೆಸ್ಸಿನ ಜಾಹೀರಾತು 5ನೆಯ ತಾರೀಖು ಪತ್ರಿಕೆಗಳಲ್ಲಿ ಬಂದಿತು. ಮರುದಿನವೇ ಆಯೋಗವು ಆ ದರಗಳಿಗೆ ಆಧಾರವೇನೆಂದು ಪ್ರದೇಶ ಕಾಂಗ್ರೆಸ್ ಅಧ್ಯಕ್ಷರನ್ನು ಕೇಳಿತು. ಮತದಾರನಾದರೋ ಜಾಹೀರಾತನ್ನು ಅದಾಗಲೇ ಓದಿ ಮುಗಿಸಿದ್ದನು.

ಸಾಮಾಜಿಕ ಜಾಲತಾಣಗಳು ಬಂದ ಮೇಲೆ ಸಂಗತಿ ಇನ್ನಷ್ಟು ಜಟಿಲವಾಯಿತು. ಆಯೋಗವು 2013ರ ಅಕ್ಟೋಬರಿನಲ್ಲಿ ಹೊರಡಿಸಿದ ಸೂಚನೆಯಂತೆ, ಹಣ ಕೊಟ್ಟು ಅಲ್ಲಿ ಪ್ರಕಟಿಸುವ ಜಾಹೀರಾತಿಗೆ ಪ್ರಮಾಣಪತ್ರ ಬೇಕು. ಸ್ವಂತ ಖಾತೆಯಲ್ಲಿ ಹಾಕುವ ಮಾತಿಗೂ ಚಿತ್ರಕ್ಕೂ ಬೇಡ. ತತ್ತ್ವದಲ್ಲಿ ಇದು ಯುಕ್ತವೇ, ಏಕೆಂದರೆ ಸ್ವಂತ ಖಾತೆಯ ಮಾತು ಭಾಷಣಕ್ಕೆ ಸಮಾನ, ಭಾಷಣಕ್ಕೆ ಯಾರೂ ಮೊದಲೇ ಮುದ್ರೆ ಒತ್ತಿಸಿಕೊಳ್ಳುವುದಿಲ್ಲ. ಫಲ ಮಾತ್ರ ವಿಚಿತ್ರವಾದುದು. ಕೊಂಡುಕೊಂಡ ಮೂವತ್ತು ಸೆಕೆಂಡುಗಳ ಮಾತನ್ನು ಸಮಿತಿಯೊಂದು ಅಕ್ಷರ ಅಕ್ಷರವಾಗಿ ಪರೀಕ್ಷಿಸುತ್ತಿರುವಾಗ, ಕಾಸು ಖರ್ಚಿಲ್ಲದೆ ಹರಡುವ ಮಾತು ಪರೀಕ್ಷೆಯೇ ಇಲ್ಲದೆ ಊರೂರಿಗೆ ತಲಪುತ್ತದೆ.

ಇದಕ್ಕೆ ಉದಾಹರಣೆಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. 2024ರ ಮೇ 4ರಂದು ಕರ್ನಾಟಕ ಬಿ.ಜೆ.ಪಿ.ಯ ಎಕ್ಸ್ ಖಾತೆಯಲ್ಲಿ ಮೀಸಲಾತಿಯನ್ನೂ ಮುಸಲ್ಮಾನರನ್ನೂ ಕುರಿತ ವ್ಯಂಗ್ಯಚಲನಚಿತ್ರವೊಂದು ಕಾಣಿಸಿತು. ದೂರು ಹೋಯಿತು, ಮೊಕದ್ದಮೆ ದಾಖಲಾಯಿತು, ರಾಜ್ಯದ ಚುನಾವಣಾಧಿಕಾರಿಗಳು ಅದನ್ನು ತೆಗೆಯುವಂತೆ ಬರೆದರು. ಆದರೂ ಅದು ಹೋಗಲಿಲ್ಲವೆಂದು ಆಯೋಗವು ತಾನೇ ಸಂಸ್ಥೆಗೆ ಪತ್ರ ಬರೆದದ್ದು ಮೇ 7ರಂದು, ಎಂದರೆ ರಾಜ್ಯದ 14 ಲೋಕಸಭಾ ಕ್ಷೇತ್ರಗಳಲ್ಲಿ ಮತದಾನ ನಡೆಯುತ್ತಿದ್ದ ದಿವಸ. ಮತದಾನಕ್ಕೆ ಮುಂಚಿನ 48 ಗಂಟೆಗಳ ಮೌನಾವಧಿಯಲ್ಲಿ ಆಯೋಗದ ಆದೇಶಗಳನ್ನು ಮೂರು ಗಂಟೆಗಳೊಳಗೆ ಪಾಲಿಸುವೆವೆಂದು ಜಾಲತಾಣದ ಸಂಸ್ಥೆಗಳು 2019ರಲ್ಲಿಯೇ ಸ್ವಯಂಪ್ರೇರಿತವಾಗಿ ಒಪ್ಪಿಕೊಂಡಿದ್ದವೆಂಬುದನ್ನು ಇಲ್ಲಿ ನೆನೆಯಬೇಕು.

ಹಾಗಾದರೆ ಎಲ್ಲ ಮಾತನ್ನೂ ಮೊದಲೇ ಪರೀಕ್ಷಿಸಬಾರದೇಕೆ ಎಂದು ಕೇಳುವವರುಂಟು. ಅವರಿಗೆ ಆಕಾಶವಾಣಿ ಮತ್ತು ದೂರದರ್ಶನಗಳ ನಿದರ್ಶನ ಸಾಕು. ಅಲ್ಲಿ ಪಕ್ಷಗಳಿಗೆ ಉಚಿತವಾಗಿ ಕಾಲಾವಕಾಶ ಸಿಗುತ್ತದೆ, ಆದರೆ ಭಾಷಣದ ಬರಹವನ್ನು ಮೊದಲೇ ಒಪ್ಪಿಸಬೇಕು. 2024ರ ಮೇ ತಿಂಗಳಿನಲ್ಲಿ ಸೀತಾರಾಮ ಯೆಚೂರಿಯವರ ಭಾಷಣದಿಂದ ಕೋಮುವಾದಿ ಸರ್ವಾಧಿಕಾರದ ಆಡಳಿತವೆಂಬ ಅರ್ಥದ ಪದಗಳನ್ನೂ, ಕರಾಳ ಕಾನೂನುಗಳೆಂಬ ವಿಶೇಷಣವನ್ನೂ ತೆಗೆಸಲಾಯಿತು. ಫಾರ್ವರ್ಡ್ ಬ್ಲಾಕಿನ ನಾಯಕರೊಬ್ಬರು ಮುಸಲ್ಮಾನರೆಂಬ ಪದವನ್ನೇ ಕೈಬಿಡಬೇಕಾಯಿತು. ಆಳುವವರನ್ನು ಕಟುವಾಗಿ ಟೀಕಿಸುವುದು ವಿರೋಧಪಕ್ಷದ ಧರ್ಮವಷ್ಟೆ. ಆ ಕಟುತ್ವದ ಪ್ರಮಾಣವನ್ನು ಸರಕಾರಿ ಪ್ರಸಾರಕೇಂದ್ರದ ಅಧಿಕಾರಿ ನಿಶ್ಚಯಿಸುವುದು ನನಗೆ ಸರಿದೋರುವುದಿಲ್ಲ. ಪೂರ್ವಪರೀಕ್ಷೆಯನ್ನು ವಿಸ್ತರಿಸಿದಷ್ಟೂ ಇಂಥ ಕತ್ತರಿಗಳೇ ಹೆಚ್ಚುವುವು.

ಆದ್ದರಿಂದ ಮೊದಲು ಓದಿ ನೋಡಬೇಕಾದವರು ಪಕ್ಷದ ಕಚೇರಿಯವರೇ ಎಂದು ನನ್ನ ಅಭಿಮತ. ಆಯೋಗವೂ ತುಸು ಈ ಕಡೆಗೆ ವಾಲಿದಂತೆ ತೋರುತ್ತದೆ. ತಾರಾ ಪ್ರಚಾರಕರ ಭಾಷಣಗಳ ವಿಷಯದಲ್ಲಿ ಅದು 2024ರ ಏಪ್ರಿಲ್ 25ರಂದು ವಿವರಣೆ ಕೇಳಿದ್ದು ಮಾತನಾಡಿದವರನ್ನಲ್ಲ, ಪಕ್ಷಾಧ್ಯಕ್ಷರಾದ ನಡ್ಡಾ ಅವರನ್ನೂ ನಮ್ಮ ಕಲಬುರಗಿಯ ಖರ್ಗೆಯವರನ್ನೂ. ಮೇ 6ರಂದು, ಮಿಥ್ಯಾವಸ್ತು ಗಮನಕ್ಕೆ ಬಂದ ಮೂರು ಗಂಟೆಗಳೊಳಗೆ ಪಕ್ಷವೇ ಅದನ್ನು ತೆಗೆಯತಕ್ಕದ್ದೆಂದೂ, ಅದನ್ನು ಹಾಕಿದವನಿಗೆ ಪಕ್ಷದೊಳಗೇ ಎಚ್ಚರಿಕೆ ಕೊಡತಕ್ಕದ್ದೆಂದೂ ಸೂಚಿಸಿತು. ಈ ಸೂಚನೆ ಹೊರಟ ಮರುದಿವಸವೇ ಆ ವ್ಯಂಗ್ಯಚಲನಚಿತ್ರಕ್ಕಾಗಿ ಅದು ಎಕ್ಸ್ ಸಂಸ್ಥೆಗೆ ಪತ್ರ ಬರೆಯಬೇಕಾಯಿತು. ಕರಪತ್ರದ ಮೇಲೆ ಹೆಸರಿಲ್ಲದಿದ್ದರೆ ಆರು ತಿಂಗಳ ಸೆರೆಯುಂಟು. ಮೂರು ಗಂಟೆಗಳ ಈ ಗಡುವನ್ನು ಮೀರಿದ ಪಕ್ಷಕ್ಕೆ ಏನು ಶಿಕ್ಷೆಯೆಂದು ಕಾಯಿದೆಯ ಪುಸ್ತಕದಲ್ಲಿ ಇನ್ನೂ ಬರೆದಿಲ್ಲ.